ರೇಷ್ಮೆಯ ಜಾಲರಿಯಿಂದ ಇಳಿದ ಬಣ್ಣ: ಆರ್ಥಿಕ ಕುಸಿತ ಮತ್ತು ಮಹಾಯುದ್ಧದ ಕಾಲದ ಪೋಸ್ಟರ್‌ಗಳನ್ನು ನೋಡುವ ಬಗೆ

ನ್ಯೂಯಾರ್ಕ್ ನಗರದಲ್ಲಿ 1936-37ರ ಸುಮಾರಿಗೆ ಅಚ್ಚಾದ ಪೋಸ್ಟರ್ ಒಂದಿದೆ. ಅದರ ಮೇಲಿರುವ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಜಾನ್ ನಿಜಕ್ಕೂ ದಡ್ಡನಲ್ಲ. ಅವನ ಕಣ್ಣು ಪರೀಕ್ಷೆ ಮಾಡಿಸಬೇಕಾಗಿರಬಹುದು, ಅಷ್ಟೇ." ಒಬ್ಬ ಹುಡುಗ, ಕೆಲವೇ ಬಣ್ಣ, ಒಂದೇ ವಾಕ್ಯ. ಕಪ್ಪುಹಲಗೆ ಮಸುಕಾಗಿ ಕಂಡದ್ದಕ್ಕೆ ಪಾಠ ತಪ್ಪಿ, ಅದಕ್ಕಾಗಿ ಏಟು ತಿಂದ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥ ಮಗುವಿನ ಪರವಾಗಿ ಸರ್ಕಾರವೊಂದು ಗೋಡೆಯ ಮೇಲೆ ವಕಾಲತ್ತು ವಹಿಸಿತು ಎನ್ನುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಐದಾರು ವರ್ಷ ಕಳೆಯುವಷ್ಟರಲ್ಲಿ ಅದೇ ದೇಶದ ಗೋಡೆಗಳ ದನಿ ಬದಲಾಯಿತು. ಬಾಯಿ ಬಿಗಿಹಿಡಿಯಿರಿ, ಯುದ್ಧದ ಬಾಂಡ್ ಕೊಳ್ಳಿ, ಗುಜರಿ ಕಬ್ಬಿಣ ಕೊಡಿ, ಹೆಚ್ಚು ಉತ್ಪಾದಿಸಿ. ಈ ಎರಡು ದನಿಗಳ ನಡುವೆ ನಡೆದದ್ದೇನು, ಮತ್ತು ಆ ಪೋಸ್ಟರ್‌ಗಳೆಲ್ಲ ಒಂದೇ ಮನೆತನದವುಗಳಂತೆ ಕಾಣುವುದೇಕೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಸಾಮಾನ್ಯವಾಗಿ ಸಿಗುವ ಉತ್ತರ, "ಅದು ಆ ಕಾಲದ ಶೈಲಿ" ಎಂಬುದು. ನೆರಳಿಲ್ಲದ ಚಪ್ಪಟೆ ಬಣ್ಣ, ಕತ್ತರಿಸಿಟ್ಟಂತಹ ಆಕಾರ, ದಪ್ಪ ಅಕ್ಷರ, ಎಣಿಸಿ ಇಟ್ಟ ಪದಗಳು. ಶೈಲಿ ಎಂದರೆ ತಪ್ಪೇನಿಲ್ಲ, ಆದರೆ ಅದು ಅರ್ಧ ಉತ್ತರ. ಆ ಶೈಲಿಗೆ ಒಂದು ಸಂಬಳದ ಪಟ್ಟಿಯ ಹಿನ್ನೆಲೆಯಿದೆ, ಒಂದು ಮರದ ಚೌಕಟ್ಟಿನ ಹಿನ್ನೆಲೆಯಿದೆ. ಎರಡನ್ನೂ ಅರಿಯದೆ ಆ ಚಿತ್ರಗಳನ್ನು ನೋಡುವುದು, ಮಗ್ಗ ಕಾಣದೆ ಸೀರೆಯ ಅಂಚಿನ ಬಗ್ಗೆ ಮಾತನಾಡಿದ ಹಾಗೆ.

ಸಂಬಳದ ಪಟ್ಟಿ

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವವರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಊಟಕ್ಕೇ ಕಷ್ಟವಾದಾಗ ಚಿತ್ರ ಕೊಳ್ಳುವವರು ಯಾರು? ಪತ್ರಿಕೆಗಳಿಗೆ ಜಾಹೀರಾತು ಬರೆಯುತ್ತಿದ್ದವರು, ಅಂಗಡಿಯ ಬೋರ್ಡು ಬರೆಯುತ್ತಿದ್ದವರು, ಕಲಾಶಾಲೆಯಿಂದ ಆಗಷ್ಟೇ ಹೊರಬಂದವರು, ಎಲ್ಲರೂ ಒಂದೇ ಸಲಕ್ಕೆ ಬೀದಿಗೆ ಬಿದ್ದರು.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ 1935ರ ಮೇ ತಿಂಗಳಲ್ಲಿ ಒಂದು ಬೃಹತ್ ಉದ್ಯೋಗ ಯೋಜನೆ ಆರಂಭಿಸಿತು. ಇಂಗ್ಲಿಷಿನಲ್ಲಿ ಅದರ ಹೆಸರಿನ ಮೊದಲಕ್ಷರಗಳು ಡಬ್ಲ್ಯು.ಪಿ.ಎ. ರಸ್ತೆ, ಸೇತುವೆ, ಶಾಲಾ ಕಟ್ಟಡ ಕಟ್ಟಿಸುವುದು ಅದರ ಮುಖ್ಯ ಕೆಲಸ. ಯೋಜನೆಯ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಅವರ ವಾದ ಸರಳವಾಗಿತ್ತು: ಕಲಾವಿದರೂ ಎಲ್ಲರಂತೆ ಊಟ ಮಾಡಬೇಕಲ್ಲ! ಹಾಗಾಗಿ ಅದೇ ವರ್ಷ ಚಿತ್ರಕಲೆ, ಸಂಗೀತ, ನಾಟಕ ಮತ್ತು ಬರವಣಿಗೆಗೂ ಬೇರೆ ಬೇರೆ ವಿಭಾಗಗಳಾದವು. ಚಿತ್ರಕಲೆಯ ವಿಭಾಗವನ್ನು ಹೋಲ್ಗರ್ ಕೇಹಿಲ್ ಎಂಬವರು ನಡೆಸಿದರು. ಪೋಸ್ಟರ್‌ಗಳು ಅಚ್ಚಾದದ್ದು ಈ ವಿಭಾಗದ ಕಾರ್ಯಾಗಾರಗಳಲ್ಲಿ. ನ್ಯೂಯಾರ್ಕಿನಲ್ಲಂತೂ 1934ರಲ್ಲೇ ಮೇಯರ್ ಹೆಸರಿನ ಪೋಸ್ಟರ್ ಯೋಜನೆಯೊಂದು ಶುರುವಾಗಿತ್ತು. ಅದೇ ಮುಂದೆ ಈ ವಿಭಾಗದೊಳಗೆ ಸೇರಿಕೊಂಡಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇದು ಪ್ರಶಸ್ತಿಯಲ್ಲ, ಪೋಷಣೆಯೂ ಅಲ್ಲ, ಕೂಲಿ. ನ್ಯೂಯಾರ್ಕಿನ ಕಲಾವಿದನಿಗೆ ವಾರಕ್ಕೆ 23 ಡಾಲರ್ ಚಿಲ್ಲರೆ ಸಿಗುತ್ತಿತ್ತು. ಕೆಲಸ ಸಿಗಬೇಕಾದರೆ ಹೆಚ್ಚಿನವರು ಮೊದಲು ತಾವು ಬಡವರೆಂದು ದಾಖಲೆ ತೋರಿಸಬೇಕಿತ್ತು. ರಾಜಾಶ್ರಯದಲ್ಲಿ ಕಲಾವಿದ ರಾಜನನ್ನು ಹೊಗಳಬೇಕು, ಜಾಹೀರಾತಿನಲ್ಲಿ ಸಾಬೂನನ್ನು ಹೊಗಳಬೇಕು. ಇಲ್ಲಿ ಹೊಗಳಬೇಕಾದದ್ದು ಗ್ರಂಥಾಲಯವನ್ನು, ಹಾಲನ್ನು, ಮೃಗಾಲಯವನ್ನು, ಉಚಿತ ರಕ್ತಪರೀಕ್ಷೆಯನ್ನು. ಮಾರಾಟದ ಒತ್ತಡ ಇಲ್ಲದಿದ್ದರಿಂದ ಹಲ್ಲುಜ್ಜಿರಿ ಎಂಬ ಸಣ್ಣ ಮಾತಿಗೂ ಒಬ್ಬ ನುರಿತ ಕಲಾವಿದ ತನ್ನ ಪೂರ್ತಿ ಬುದ್ಧಿ ಖರ್ಚು ಮಾಡಿದ. ಕ್ಷಯ, ಸಿಫಿಲಿಸ್, ನ್ಯುಮೋನಿಯಾ ಕುರಿತ ಪೋಸ್ಟರ್‌ಗಳು ಬಂದವು. ಸಿಫಿಲಿಸ್ ಎಂಬ ಪದವನ್ನು ಸಭ್ಯರ ಮನೆಗಳಲ್ಲಿ ಉಚ್ಚರಿಸಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅದು ಬೀದಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ, ಭಯಪಡದೆ ನಿಂತಿತು.

ಠ ಅಕ್ಷರದ ಬಿಲ್ಲೆ

ಈಗ ಮರದ ಚೌಕಟ್ಟಿನ ಕಡೆಗೆ ಬರೋಣ. ಇಡೀ ವಿಷಯದ ಜೀವಾಳ ಇರುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಮೊದಲು ಆ ಕಾರ್ಯಾಗಾರಗಳಲ್ಲಿ ಪೋಸ್ಟರ್‌ಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಐವತ್ತು ಶಾಲೆಗಳಿಗೆ ಐವತ್ತು ಪ್ರತಿ ಬೇಕೆಂದರೆ ಐವತ್ತು ಸಲ ಬರೆಯಬೇಕು. ದಿನಗೂಲಿ ಲೆಕ್ಕದಲ್ಲಿ ಕೆಲಸ ಕೊಡುವ ಯೋಜನೆಗೆ ಅದು ಸರಿಯೇ, ಆದರೆ ನಗರಕ್ಕೆ ಸಾಲದು. ಅಲ್ಲಿದ್ದ ಆಂಥೊನಿ ವೆಲೊನಿಸ್ ಎಂಬ ಯುವಕನಿಗೆ ಅಂಗಡಿಯ ಫಲಕಗಳನ್ನು ಅಚ್ಚು ಮಾಡುವ ಒಂದು ವಿಧಾನ ಗೊತ್ತಿತ್ತು. ಆತ ನ್ಯೂಯಾರ್ಕಿನ ಪೋಸ್ಟರ್ ಕಾರ್ಯಾಗಾರದ ಮುಖ್ಯಸ್ಥ ರಿಚರ್ಡ್ ಫ್ಲೋಥೆಯವರ ಮನವೊಲಿಸಿ ಅದನ್ನು ಬಳಕೆಗೆ ತಂದ. ಇಂದು ನಾವು ಸ್ಕ್ರೀನ್ ಪ್ರಿಂಟಿಂಗ್ ಎನ್ನುತ್ತೇವಲ್ಲ, ಅದೇ. ಮದುವೆಯ ಆಮಂತ್ರಣ ಪತ್ರಿಕೆ ಮಾಡಿಸಲು ಪೇಟೆಯ ಅಂಗಡಿಗೆ ಹೋದವರು ಅದನ್ನು ನೋಡಿಯೇ ಇರುತ್ತಾರೆ: ಕೀಲು ಹಾಕಿದ ಚೌಕಟ್ಟು, ಅದಕ್ಕೆ ಬಿಗಿದ ತೆಳು ಬಟ್ಟೆ, ಬಣ್ಣವನ್ನು ಒಂದೇ ಸಲಕ್ಕೆ ಎಳೆಯುವ ರಬ್ಬರ್ ಪಟ್ಟಿ.

ಇದರ ಮೂಲ ಉಪಾಯ ರಂಗೋಲಿಯ ಅಚ್ಚಿನಲ್ಲೇ ಇದೆ. ತಗಡಿನ ತೂತುಗಳಿಂದ ಪುಡಿ ಇಳಿಯುತ್ತದೆ, ತೂತಿಲ್ಲದ ಕಡೆ ಇಳಿಯುವುದಿಲ್ಲ. ಆದರೆ ತಗಡು ಅಥವಾ ಕಾಗದ ಕತ್ತರಿಸಿ ಮಾಡುವ ಇಂತಹ ಅಚ್ಚಿಗೆ ಒಂದು ಹಳೆಯ ತೊಂದರೆಯಿದೆ. ನಮ್ಮ ಠ ಅಕ್ಷರವನ್ನೇ ತೆಗೆದುಕೊಳ್ಳಿ. ರಟ್ಟಿನಲ್ಲಿ ಠದ ದುಂಡನೆಯ ಗೆರೆಯನ್ನು ಕತ್ತರಿಸಿ ತೆಗೆದರೆ ಒಳಗಿನ ಬಿಲ್ಲೆ ಹಿಡಿಯುವವರಿಲ್ಲದೆ ಕೆಳಗೆ ಉದುರುತ್ತದೆ. ನಡುವಿನ ಚುಕ್ಕೆಯಂತೂ ದೂರದ ಮಾತು. ಬಿಲ್ಲೆ ಉದುರದಿರಲು ಅಲ್ಲಲ್ಲಿ ಸಣ್ಣ ಸೇತುವೆಗಳನ್ನು ಬಿಡಬೇಕು. ಗೋಣಿಚೀಲದ ಮೇಲೆ, ಲಾರಿಯ ಹಿಂಬದಿಯಲ್ಲಿ ಕಾಣುವ ತುಂಡು ತುಂಡಾದ ಅಕ್ಷರಗಳಿಗೆ ಕಾರಣ ಈ ಸೇತುವೆಗಳೇ.

ರೇಷ್ಮೆಯ ಜಾಲರಿ ಈ ತೊಂದರೆಯನ್ನು ನಿವಾರಿಸಿತು. ಚೌಕಟ್ಟಿಗೆ ಬಿಗಿದ ನವಿರಾದ ರೇಷ್ಮೆ ಬಟ್ಟೆಗೆ ಅಚ್ಚಿನ ಹಾಳೆಯನ್ನು ಅಂಟಿಸಿಬಿಟ್ಟರೆ ಠದ ಬಿಲ್ಲೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ನೂರಾರು ಎಳೆಗಳು ಅದನ್ನು ಹಿಡಿದಿರುತ್ತವೆ, ಆದರೆ ಆ ಎಳೆಗಳು ಬಣ್ಣವನ್ನು ತಡೆಯುವಷ್ಟು ದಪ್ಪವಲ್ಲ. ಬಣ್ಣ ಎಳೆಗಳ ಸಂದಿಯಿಂದ ಇಳಿದು, ಕಾಗದದ ಮೇಲೆ ಕೂಡಿಕೊಂಡು ಅಖಂಡವಾಗಿ ಹರಡುತ್ತದೆ. ಯಾವ ಆಕಾರವನ್ನು ಬೇಕಾದರೂ ಎಲ್ಲಿ ಬೇಕಾದರೂ ತೇಲಿಸಿ ಇಡುವ ಸ್ವಾತಂತ್ರ್ಯ ಕಲಾವಿದನಿಗೆ ದೊರೆಯಿತು. ಚೌಕಟ್ಟು ಎತ್ತು, ಕಾಗದ ಇಡು, ಚೌಕಟ್ಟು ಇಳಿಸು, ಬಣ್ಣ ಎಳೆ, ಕಾಗದ ಒಣಗಲು ಹಾಕು. ದೊಡ್ಡ ಯಂತ್ರ ಬೇಡ, ವಿದ್ಯುತ್ ಬೇಡ. ಕೆಲವೇ ಜನರ ತಂಡ ದಿನಕ್ಕೆ ನೂರಾರು ಪ್ರತಿಗಳನ್ನು ತೆಗೆಯಬಹುದಿತ್ತು. ವೆಲೊನಿಸ್ ಈ ವಿಧಾನವನ್ನು ವಿವರಿಸುವ ಕಿರುಹೊತ್ತಗೆಯೊಂದನ್ನೂ ಬರೆದರು. ಅದು ಬೇರೆ ಬೇರೆ ರಾಜ್ಯಗಳ ಕಾರ್ಯಾಗಾರಗಳಿಗೆ ತಲುಪಿತು. ಅದುವರೆಗೆ ಬೋರ್ಡು ಬರೆಯುವವರ ಕೆಲಸ ಎನಿಸಿಕೊಂಡಿದ್ದ ವಿಧಾನ ಕಲಾವಿದರ ಕೈಯಲ್ಲಿ ಕಲೆಯಾಯಿತು. ಮುಂದೆ 1960ರ ದಶಕದಲ್ಲಿ ಅಮೆರಿಕದ ದೊಡ್ಡ ದೊಡ್ಡ ಕಲಾವಿದರು ರೇಷ್ಮೆಯ ಜಾಲರಿ ಹಿಡಿದದ್ದಕ್ಕೆ ದಾರಿ ತೆರೆದದ್ದು ಈ ಕೂಲಿ ಕಾರ್ಯಾಗಾರಗಳೇ.

ಇನ್ನು ಶೈಲಿಯ ಮಾತು. ಜಾಲರಿಯಲ್ಲಿ ಒಂದು ಬಣ್ಣಕ್ಕೆ ಒಂದು ಚೌಕಟ್ಟು ಬೇಕು. ಪ್ರತಿ ಬಣ್ಣ ಒಣಗಿದ ಮೇಲೆಯೇ ಮುಂದಿನದು. ಐದು ಬಣ್ಣವಿದ್ದರೆ ಪ್ರತಿ ಹಾಳೆಯೂ ಐದು ಸಲ ಚೌಕಟ್ಟಿನಡಿ ಹೋಗಬೇಕು, ಐದು ಸಲವೂ ಕೂದಲೆಳೆ ತಪ್ಪದೆ ಅದೇ ಜಾಗದಲ್ಲಿ ಕೂರಬೇಕು. ಹಾಗಾಗಿ ಬಣ್ಣ ಹೆಚ್ಚಿದಷ್ಟೂ ಶ್ರಮ ಹೆಚ್ಚು, ಖರ್ಚು ಹೆಚ್ಚು. ಕೆನ್ನೆಯ ಮೇಲೆ ಬೆಳಕು ನಿಧಾನವಾಗಿ ನೆರಳಾಗುವುದನ್ನು ತೋರಿಸುವುದು ಎಣ್ಣೆಬಣ್ಣದ ಚಿತ್ರಕಾರನಿಗೆ ಸಹಜ, ಜಾಲರಿಗೆ ಹಿಂಸೆ. ಜಾಲರಿಗೆ ಗೊತ್ತಿರುವುದು ಎರಡೇ: ಬಣ್ಣ ಇಳಿಯುವುದು, ಇಳಿಯದಿರುವುದು.

ಕೊರತೆಯನ್ನು ಕಲಾವಿದರು ಭಾಷೆಯನ್ನಾಗಿ ಮಾಡಿಕೊಂಡದ್ದು ಹೇಗೆಂದು ನೋಡಿ. ನೆರಳನ್ನು ಒಂದು ಬೇರೆ ಆಕಾರವಾಗಿ ಕತ್ತರಿಸಿದರು. ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಮತ್ತೊಂದು. ಕಾಗದದ ಬಿಳುಪನ್ನೇ ಪುಕ್ಕಟೆ ಬಣ್ಣವಾಗಿ ಬಳಸಿದರು. ಹಾಲಿನ ಲೋಟಕ್ಕೆ, ಹಿಮಕ್ಕೆ, ಕಣ್ಣಿನ ಹೊಳಪಿಗೆ ಅಲ್ಲಿ ಏನನ್ನೂ ಅಚ್ಚಿಡಲಿಲ್ಲ. ಒಂದು ಬಣ್ಣದ ಮೇಲೆ ಇನ್ನೊಂದನ್ನು ಹಾಯಿಸಿ ಮೂರನೆಯದನ್ನು ಪಡೆದರು. ಅಚ್ಚಿನ ಹಾಳೆಯನ್ನು ಚಾಕುವಿನಿಂದ ಕತ್ತರಿಸುತ್ತಿದ್ದುದರಿಂದ ಗೆರೆಗಳಿಗೆ ಚಾಕುವಿನ ನಡಿಗೆ ಬಂತು: ನೇರ ಅಂಚು, ಒಂದೇ ಉಸಿರಿನ ಬಾಗು. ಸಣ್ಣ ಅಕ್ಷರಗಳು ಜಾಲರಿಯಲ್ಲಿ ಒಡೆಯುತ್ತವೆ. ಆದ್ದರಿಂದ ಅಕ್ಷರ ದಪ್ಪವಾಯಿತು, ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದಾಗ ಉಳಿದ ಮಾತನ್ನು ಚೆನ್ನಾಗಿ ಆರಿಸಬೇಕಾಯಿತು. ಜಾನ್ ಕುರಿತ ಆ ಒಂದು ವಾಕ್ಯದ ಹಿಂದೆ ಇಷ್ಟೆಲ್ಲ ಇದೆ.

ಫ್ಲೋಥೆಯವರ ಪಾಲನ್ನೂ ಹೇಳಬೇಕು. ಜರ್ಮನಿಯಲ್ಲಿ ಹುಟ್ಟಿದ ಅವರು ಬೌಹೌಸ್ ಕಲಾಶಾಲೆಯಲ್ಲಿ ಕಲಿತವರು. ಬಳಸುವ ವಸ್ತುವಿನ ಸ್ವಭಾವವೇ ಅದರ ರೂಪವನ್ನು ನಿರ್ಧರಿಸಲಿ ಎಂಬುದು ಆ ಶಾಲೆಯ ಬೋಧನೆ. ಆ ಬೋಧನೆಯನ್ನು ಹೊತ್ತು ಬಂದವರಿಗೆ ಇಂತಹ ಹಟಮಾರಿ ಚೌಕಟ್ಟು ಸಿಕ್ಕಿದ್ದು ಅಪರೂಪದ ಕೂಡಿಕೆ. ಉಳಿದೆಡೆ ತಲೆಕೆಡಿಸುವ ಮಿತಿಗಳು ಅವರ ಕಾರ್ಯಾಗಾರದಲ್ಲಿ ಪಾಠಗಳಾದವು.

ಇದೇ ಹೊತ್ತಿನಲ್ಲಿ ಲೆಸ್ಟರ್ ಬೀಲ್ ಎಂಬ ವಿನ್ಯಾಸಕಾರ ಬೇರೊಂದು ಸರ್ಕಾರಿ ಇಲಾಖೆಗಾಗಿ ಮಾಡಿದ ಪೋಸ್ಟರ್‌ಗಳಿವೆ. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಗ್ರಾಮೀಣ ವಿದ್ಯುದೀಕರಣ ಇಲಾಖೆ ರೈತರಿಗೆ ಅದರ ಪ್ರಯೋಜನ ತಿಳಿಸಬೇಕಿತ್ತು. 1937ರಲ್ಲಿ ಬೀಲ್ ಮಾಡಿದ ಸರಣಿಯಲ್ಲಿ ಒಂದೊಂದು ಹಾಳೆಗೂ ಒಂದೋ ಎರಡೋ ಪದ: ಬೆಳಕು, ಹರಿಯುವ ನೀರು, ರೇಡಿಯೊ. ಗೆರೆ, ಬಾಣ, ಒಂದು ನಲ್ಲಿ. ಓದು ಬರಹ ಅಷ್ಟಾಗಿ ಇಲ್ಲದವನಿಗೂ ತಿಳಿಯುತ್ತದೆ. ಹಳ್ಳಿಯವರಿಗೆಂದು ಮಾಡಿದ ಈ ಹಾಳೆಗಳು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೂ ಸಲ್ಲುವಂತಿದ್ದವು. ಅದೇ ವರ್ಷ ಬೀಲ್ ಅವರ ಕೆಲಸಗಳ ಪ್ರದರ್ಶನ ಅಲ್ಲಿ ನಡೆಯಿತು. ಸರಳವಾದುದೆಂದರೆ ಕೀಳುದರ್ಜೆಯದು ಎಂದು ಭಾವಿಸುವ ನಮ್ಮ ಇಲಾಖೆಗಳ ಪ್ರಕಟಣಾ ಫಲಕಗಳನ್ನು ನೋಡಿದಾಗಲೆಲ್ಲ ನನಗೆ ಈ ನಲ್ಲಿ ನೆನಪಾಗುತ್ತದೆ.

ನೀನು, ನೀವು, ನಾವು

1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1942ರಲ್ಲಿ ಪೋಸ್ಟರ್ ಕಾರ್ಯಾಗಾರಗಳು ಯುದ್ಧ ಸೇವೆಯ ವಿಭಾಗಕ್ಕೆ ವರ್ಗವಾದವು. 1943ರಲ್ಲಿ ಮುಚ್ಚಿಯೇ ಹೋದವು. ಕೆಲಸವಿಲ್ಲದವರಿಗೆ ಕೆಲಸ ಕೊಡುವ ಯೋಜನೆಗೆ ಯುದ್ಧಕಾಲದಲ್ಲಿ ಅರ್ಥವಿರಲಿಲ್ಲ, ಏಕೆಂದರೆ ಈಗ ಕಾರ್ಖಾನೆಗಳಿಗೇ ಕೈ ಸಾಲದು. ಜಪಾನಿನಿಂದ ಬರುತ್ತಿದ್ದ ರೇಷ್ಮೆ ನಿಂತಿತ್ತು. ಸಿಕ್ಕ ರೇಷ್ಮೆ ಪ್ಯಾರಾಚೂಟ್‌ಗೆ ಮೀಸಲು. ಆ ಬೇಡಿಕೆಯ ಅಲೆ ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರನ್ನೂ ತಲುಪಿ, ಯುದ್ಧದ ವರ್ಷಗಳಲ್ಲಿ ಇಲ್ಲಿನ ಗೂಡಿಗೆ ಒಳ್ಳೆಯ ಬೆಲೆ ತಂದಿತು.

1942ರ ಜೂನ್‌ನಲ್ಲಿ ಹುಟ್ಟಿದ ಯುದ್ಧ ಮಾಹಿತಿ ಕಚೇರಿ ಪೋಸ್ಟರ್‌ಗಳ ಹೊಣೆ ಹೊತ್ತಿತು. ಈಗ ಪ್ರತಿಗಳ ಲೆಕ್ಕ ನೂರುಗಳಲ್ಲಲ್ಲ, ಲಕ್ಷಗಳಲ್ಲಿ. ಅದಕ್ಕೆ ಆಫ್‌ಸೆಟ್ ಯಂತ್ರ ಬೇಕು. ಆಫ್‌ಸೆಟ್ ಯಂತ್ರ ಬಣ್ಣವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಅಚ್ಚಿಡುವುದರಿಂದ ಛಾಯಾಚಿತ್ರದಷ್ಟು ನವಿರಾದ ನೆರಳನ್ನೂ ತೋರಿಸಬಲ್ಲದು. ಜಾಲರಿಯ ಮಿತಿ ಕಳಚಿದೊಡನೆ ಅದರ ಶಿಸ್ತೂ ಕಳಚಿತು. ಕಣ್ಣೀರು, ಕೆನ್ನೆಯ ಕೆಂಪು, ಮುಳುಗುವ ನಾವಿಕನ ಮುಖ, ಎಲ್ಲವೂ ಮರಳಿ ಬಂದವು. 1942ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಜಾಹೀರಾತು ಸಂಸ್ಥೆಯೊಂದು ನಡೆಸಿದ ಅಧ್ಯಯನವೂ ಇದಕ್ಕೆ ಒತ್ತುಕೊಟ್ಟಿತು: ಜನರ ಗಮನ ಹಿಡಿಯುವುದು ಭಾವನೆ ಕೆರಳಿಸುವ, ಇದ್ದದ್ದು ಇದ್ದಂತೆ ತೋರಿಸುವ ಚಿತ್ರಗಳು, ಸಂಕೇತಗಳಲ್ಲ.

ಆದರೆ ಒಂದು ಸಂಕೇತ ಮಾತ್ರ ಗೆದ್ದಿತು. ಫ್ರಾನ್ಸಿನಿಂದ ಬಂದಿದ್ದ ಝಾನ್ ಕಾರ್ಲು ಎಂಬ ವಿನ್ಯಾಸಕಾರ ಮಾಡಿದ ಪೋಸ್ಟರ್‌ನಲ್ಲಿ "ಉತ್ಪಾದನೆ" ಎಂಬ ಅರ್ಥದ ಇಂಗ್ಲಿಷ್ ಪದವಿದೆ. ಅದರೊಳಗಿನ ಸೊನ್ನೆಯಂತಹ ಅಕ್ಷರ ಇಲ್ಲಿ ನಟ್ ಆಗಿದೆ. ಕೈಗವಸು ತೊಟ್ಟ ಒಂದು ಕೈ ಪಾನಾ ಹಿಡಿದು ಅದನ್ನು ತಿರುಗಿಸುತ್ತಿದೆ. ಪದವನ್ನು ಓದುವುದಕ್ಕೂ ಕೆಲಸವನ್ನು ನೋಡುವುದಕ್ಕೂ ನಡುವೆ ಅಂತರವೇ ಉಳಿದಿಲ್ಲ. ಯುದ್ಧಕಾಲದ ಅಮೆರಿಕದಲ್ಲಿ ಅಚ್ಚಾದ ಪೋಸ್ಟರ್‌ಗಳಲ್ಲಿ ನಾನು ಅತಿಹೆಚ್ಚು ಹೊತ್ತು ನೋಡಿದ್ದು ಇದನ್ನೇ.

ಯುದ್ಧದ ಪೋಸ್ಟರ್‌ಗಳನ್ನು ಅರಿಯಲು ಸರ್ವನಾಮಗಳನ್ನು ಹಿಡಿದು ಹೋಗುವುದು ಒಳ್ಳೆಯ ದಾರಿ. ಮೊದಲ ಮಹಾಯುದ್ಧದ 1917ರಲ್ಲಿ ಜೇಮ್ಸ್ ಮಾಂಟ್‌ಗೊಮೆರಿ ಫ್ಲ್ಯಾಗ್ ಚಿತ್ರಿಸಿದ, ಅಮೆರಿಕದ ಸಂಕೇತವಾದ ಮುದುಕ ಅಂಕಲ್ ಸ್ಯಾಮ್ ನೆನಪಿಸಿಕೊಳ್ಳಿ: ಬೆರಳು ನಮ್ಮತ್ತ ಚಾಚಿದೆ, ಸೈನ್ಯಕ್ಕೆ ನೀನು ಬೇಕು ಎನ್ನುತ್ತಿದೆ. ಆ ಯುದ್ಧದಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವು, ಎರಡನೆಯ ಯುದ್ಧದಲ್ಲಿ ಅದನ್ನೇ ಮತ್ತೆ ಹೊರತೆಗೆದರು. ಇಂಗ್ಲಿಷಿನ ಒಂದೇ ಪದ ಅಲ್ಲಿ ನೀನು, ನೀವು ಎರಡನ್ನೂ ಹೊದ್ದುಕೊಂಡಿದೆ. ಕನ್ನಡಿಸುವವರು ಮಾತ್ರ ಒಂದನ್ನು ಆರಿಸಲೇಬೇಕು. ಬೆರಳು ಒಬ್ಬನತ್ತ ಚಾಚಿರುವುದರಿಂದ ನಾನು "ನೀನು" ಎಂದೇ ಬರೆಯುತ್ತೇನೆ. ಹಾಗೆ ಬರೆದೊಡನೆ, ಸರ್ಕಾರ ಒಬ್ಬ ಯುವಕನನ್ನು ಏಕವಚನದಲ್ಲಿ ಕರೆದು ಸಾವಿನೆದುರು ನಿಲ್ಲಿಸುವ ಬಿರುಸು ಬಯಲಾಗುತ್ತದೆ.

ಬ್ರಿಟನ್‌ನಲ್ಲಿ 1939ರಲ್ಲಿ ಯುದ್ಧ ಆರಂಭವಾಗುವ ಹೊತ್ತಿಗೆ ಮೂರು ಪೋಸ್ಟರ್‌ಗಳು ಸಿದ್ಧವಾಗಿದ್ದವು. ಚಿತ್ರವಿಲ್ಲ, ಮೇಲೊಂದು ಕಿರೀಟ, ಕೆಳಗೆ ಅಕ್ಷರ. ಒಂದರ ಒಕ್ಕಣೆ: "ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢನಿಶ್ಚಯ ನಮಗೆ ಗೆಲುವು ತಂದುಕೊಡುತ್ತವೆ." ಓದಿದವರಿಗೆ ಇರಿಸುಮುರಿಸಾಯಿತು. ಧೈರ್ಯ ನಮ್ಮದು, ಗೆಲುವು ಮಾತ್ರ ನಿಮಗೆಯೇ? ಈ "ನಾವು" ಯಾರು? ಒಂದು ಸರ್ವನಾಮ ಇಡೀ ಪ್ರಚಾರವನ್ನು ಕೆಡಿಸಿತು. ಮೂರನೆಯ ಪೋಸ್ಟರ್, "ಶಾಂತರಾಗಿರಿ, ಮುಂದುವರಿಯಿರಿ" ಎನ್ನುವಂಥದ್ದು, ಭಾರೀ ಬಾಂಬ್ ದಾಳಿಯಂತಹ ಗಳಿಗೆಗೆಂದು ಎತ್ತಿಟ್ಟದ್ದು. ಸುಮಾರು 24 ಲಕ್ಷ 50 ಸಾವಿರ ಪ್ರತಿ ಅಚ್ಚಾಗಿದ್ದರೂ ಅದು ಗೋಡೆ ಕಂಡದ್ದು ತೀರಾ ಅಪರೂಪ. 1940ರಲ್ಲಿ ಬಹುಪಾಲು ಮತ್ತೆ ಕಾಗದದ ತಿರುಳಾಯಿತು. 2000ದಲ್ಲಿ ಇಂಗ್ಲೆಂಡಿನ ಆಲ್ನಿಕ್ ಊರಿನ ಹಳೆಪುಸ್ತಕದ ಅಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು. ಇಂದು ಬೆಂಗಳೂರಿನ ಕಾಫಿ ಲೋಟಗಳ ಮೇಲೂ ಇರುವ ಆ ಮಾತು ಯುದ್ಧಕಾಲದ ಬ್ರಿಟನ್ನಿನ ಜನರಲ್ಲಿ ಹೆಚ್ಚಿನವರ ಕಣ್ಣಿಗೇ ಬಿದ್ದಿರಲಿಲ್ಲ.

ಇನ್ನು "ನಾವು". ತಲೆಗೆ ಕೆಂಪು ವಸ್ತ್ರ ಕಟ್ಟಿ, ತೋಳು ಮಡಚಿ ಬಲ ತೋರಿಸುತ್ತಿರುವ ಹೆಣ್ಣಿನ ಚಿತ್ರ, "ನಾವು ಮಾಡಬಲ್ಲೆವು!" ಎಂಬ ಮಾತು. ಮಹಿಳೆಯರನ್ನು ಕಾರ್ಖಾನೆಗೆ ಕರೆಯಲು ಅಮೆರಿಕ ಸರ್ಕಾರ ದೇಶದಾದ್ಯಂತ ಹಚ್ಚಿದ ಪೋಸ್ಟರ್ ಎಂದೇ ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಜೆ. ಹೋವರ್ಡ್ ಮಿಲ್ಲರ್ ಅದನ್ನು ವೆಸ್ಟಿಂಗ್‌ಹೌಸ್ ಕಂಪನಿಯ ಒಳಗಿನ ಬಳಕೆಗೆ ಮಾಡಿದರು. 1943ರ ಫೆಬ್ರವರಿಯಲ್ಲಿ ಎರಡು ವಾರ ಆ ಕಂಪನಿಯ ಕಾರ್ಖಾನೆಗಳ ಗೋಡೆಯಲ್ಲಿದ್ದು ಅದು ಇಳಿಯಿತು. ಇಂದು ಅವಳನ್ನು ಕರೆಯುವ ರೋಸಿ ಎಂಬ ಹೆಸರೂ ಆಗ ಅವಳಿಗೆ ಇರಲಿಲ್ಲ. ಆ ವರ್ಷ ಮೇ 29ರ ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯ ಮುಖಪುಟದಲ್ಲಿ ನಾರ್ಮನ್ ರಾಕ್‌ವೆಲ್ ಚಿತ್ರಿಸಿದ ರೋಸಿ ಬೇರೆಯೇ ಹೆಣ್ಣು. ಮಿಲ್ಲರ್ ಅವರ ಚಿತ್ರ ನಾಲ್ಕು ದಶಕ ಮರೆತುಹೋಗಿದ್ದು, 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದು ಸ್ತ್ರೀವಾದದ ಲಾಂಛನವಾಯಿತು.

ಹಾಗಾದರೆ ಆ ಗೋಡೆಯ ಮೇಲಿದ್ದಾಗ "ನಾವು" ಎಂದರೆ ಯಾರು? ತೆಲುಗಿನಲ್ಲಾಗಿದ್ದರೆ ಕೇಳುವವರನ್ನೂ ಸೇರಿಸಿಕೊಳ್ಳುವ "ಮನಂ", ಸೇರಿಸಿಕೊಳ್ಳದ "ಮೇಮು" ಎಂದು ಎರಡು ಪದಗಳಿವೆ. ಇಂಗ್ಲಿಷಿನಂತೆ ಕನ್ನಡದಲ್ಲೂ ಆ ಅನುಕೂಲವಿಲ್ಲ. ಆ ಕಂಪನಿಯ ಪೋಸ್ಟರ್‌ಗಳ ಉದ್ದೇಶ ಕೆಲಸಕ್ಕೆ ಗೈರಾಗುವುದನ್ನು, ಮುಷ್ಕರವನ್ನು ತಡೆದು ಉತ್ಪಾದನೆ ಹೆಚ್ಚಿಸುವುದು. ಅಲ್ಲಿನ "ನಾವು" ಮಹಿಳೆಯರೆಲ್ಲ ಎಂಬುದಕ್ಕಿಂತ ಆಡಳಿತವೂ ಕಾರ್ಮಿಕರೂ ಕೂಡಿದ "ನಾವು". ಇಂದು ಅದನ್ನು ಎತ್ತಿ ಹಿಡಿಯುವ ಹೆಣ್ಣುಮಕ್ಕಳು ಅದಕ್ಕೆ ಬೇರೆ ಅರ್ಥ ತುಂಬಿದ್ದಾರೆ. ಹಾಗೆ ತುಂಬುವ ಹಕ್ಕು ಅವರಿಗಿದೆ ಎಂದೇ ನಾನು ತಿಳಿಯುತ್ತೇನೆ.

ಚಪ್ಪಟೆಯಾಗಿಸುವ ಅಪಾಯ

ಈ ಕಲೆಯನ್ನು ಮೆಚ್ಚುವವರು ಮುಚ್ಚಿಡಬಾರದ ಒಂದು ಭಾಗವಿದೆ. ಪೋಸ್ಟರ್ ಎಂದರೆ ಕಳೆಯುವ ಕಲೆ. ಒಂದು ಲೋಟ ಹಾಲಿನಿಂದ ಎಲ್ಲ ವಿವರವನ್ನೂ ಕಳೆದು ಒಂದು ಬಿಳಿಯ ಆಕಾರ ಉಳಿಸಿಕೊಂಡರೆ ಯಾರಿಗೂ ನೋವಿಲ್ಲ. ಒಂದು ಜನಾಂಗದಿಂದ ಎಲ್ಲ ವಿವರವನ್ನೂ ಕಳೆದರೆ? ಯುದ್ಧದ ಅಮೆರಿಕದಲ್ಲಿ ಜಪಾನೀಯರನ್ನು ಕೋರೆಹಲ್ಲಿನ, ಉಗುರು ಚಾಚಿದ ಪ್ರಾಣಿಗಳಂತೆ ತೋರಿಸಿದ ಪೋಸ್ಟರ್‌ಗಳು ಸಾಲುಸಾಲಾಗಿ ಬಂದವು. ಅದೇ 1942ರಲ್ಲಿ, ಅದೇ ದೇಶದಲ್ಲಿ ವಾಸವಾಗಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಬೇಲಿಯೊಳಗಿನ ಶಿಬಿರಗಳಿಗೆ ಕಳುಹಿಸಲಾಯಿತು; ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ. ಶಿಬಿರಗಳಿಗೆ ಪೋಸ್ಟರ್‌ಗಳೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ನೆರೆಮನೆಯವನ ಮುಖವನ್ನು ಅಳಿಸಿ ಆ ಜಾಗದಲ್ಲಿ ಒಂದು ಆಕಾರ ಕೂರಿಸುವ ಕೆಲಸದಲ್ಲಿ ಅವುಗಳ ಕೈಯೂ ಇತ್ತು.

ಬೇರೆ ದಾರಿಯೂ ಇತ್ತು ಎಂಬುದಕ್ಕೆ ಬೆನ್ ಶಾನ್ ಅವರ 1942ರ ಪೋಸ್ಟರ್ ಸಾಕ್ಷಿ. ಆ ವರ್ಷ ಜೂನ್‌ನಲ್ಲಿ ನಾಜಿಗಳು ಚೆಕ್ ನಾಡಿನ ಲಿಡಿತ್ಸೆ ಎಂಬ ಹಳ್ಳಿಯನ್ನು ನೆಲಸಮ ಮಾಡಿ ಗಂಡಸರನ್ನೆಲ್ಲ ಕೊಂದರು. ಶಾನ್ ಶತ್ರುವನ್ನು ಚಿತ್ರಿಸಲೇ ಇಲ್ಲ. ಇಟ್ಟಿಗೆ ಗೋಡೆಯ ಮುಂದೆ ಒಬ್ಬ ಮನುಷ್ಯ. ತಲೆಗೆ ಮುಸುಕು, ಕೈಗೆ ಬೇಡಿ, ಬಿಗಿದ ಮುಷ್ಟಿ. ಜೊತೆಗೆ ಆ ಸುದ್ದಿಯ ಒಣ ತಂತಿ ಸಂದೇಶ. ಸಿಟ್ಟು ಆ ಮುಷ್ಟಿಯಲ್ಲಿದೆ, ದ್ವೇಷದ ಮುಖ ಮಾತ್ರ ಎಲ್ಲೂ ಇಲ್ಲ. ಯುದ್ಧ ಮಾಹಿತಿ ಕಚೇರಿಗೆ ಅವರು ಮಾಡಿದ ಪೋಸ್ಟರ್‌ಗಳಲ್ಲಿ ಹೆಚ್ಚಿನವು ಅಚ್ಚಿಗೆ ಹೋಗಲೇ ಇಲ್ಲ. ಜಾಹೀರಾತು ಜಗತ್ತಿನಿಂದ ಬಂದವರ ಕೈ ಮೇಲಾಗಿ, 1943ರಲ್ಲಿ ಅಲ್ಲಿನ ಲೇಖಕರು, ಕಲಾವಿದರು ಕೆಲವರು ರಾಜೀನಾಮೆ ಕೊಟ್ಟು ಹೊರನಡೆದರು. ಹೊರಡುವ ಮುನ್ನ ಕಲಾವಿದರು ಪ್ರತಿಭಟನೆಗೆಂದು ಒಂದು ಅಣಕು ಪೋಸ್ಟರ್ ಮಾಡಿದರು: ಸ್ವಾತಂತ್ರ್ಯ ದೇವಿಯ ಕೈಯಲ್ಲಿ ಪಂಜಿನ ಬದಲು ತಂಪುಪಾನೀಯದ ಬಾಟಲಿಗಳು.

ಬ್ರಿಟನ್ನಿನ ಏಬ್ರಮ್ ಗೇಮ್ಸ್ ಈ ವಿಷಯದಲ್ಲಿ ಅದೃಷ್ಟವಂತ. ಸೈನ್ಯದಲ್ಲಿದ್ದುಕೊಂಡೇ ಅವರು ಸುಮಾರು ನೂರು ಪೋಸ್ಟರ್ ಮಾಡಿದರು. 1942ರ ಒಂದರಲ್ಲಿ ಮಾತನಾಡುತ್ತಿರುವ ಸೈನಿಕನ ಬಾಯಿಂದ ಸುರುಳಿ ಹೊರಟು, ಕೊನೆಗೆ ಕತ್ತಿಯ ಮೊನೆಯಾಗಿ ಅವನದೇ ಸಂಗಾತಿಗಳನ್ನು ಇರಿಯುತ್ತದೆ. ಕಡಿಮೆ ಸಾಧನ, ಗರಿಷ್ಠ ಅರ್ಥ ಎಂಬುದು ಅವರ ಸೂತ್ರ. ಕುಸಿತದ ಕಾಲದ ಕಾರ್ಯಾಗಾರಗಳು ಬಡತನದಿಂದ ಕಲಿತದ್ದನ್ನೇ ಇವರು ತತ್ತ್ವವಾಗಿ ಹೇಳಿದರು.

ಭೂತಗನ್ನಡಿ ಹಿಡಿದು

ಹಳೆಯ ಪೋಸ್ಟರ್ ಎಂದು ಮಾರುವ ಹಾಳೆ ಕೈಗೆ ಸಿಕ್ಕರೆ ಅದನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿಯಿರಿ. ಜಾಲರಿಯಿಂದ ಇಳಿದ ಬಣ್ಣಕ್ಕೆ ಮೈಯಿದೆ. ಕಾಗದದ ಮೇಲೆ ತೆಳುವಾಗಿ ಉಬ್ಬಿ ಕೂತಿರುತ್ತದೆ, ಬೆರಳಿಗೂ ತಾಗುತ್ತದೆ. ಎರಡು ಬಣ್ಣ ಸೇರುವ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಬಿಳಿ ಇಣುಕಿರಬಹುದು, ಇಲ್ಲವೇ ಒಂದರ ಮೇಲೊಂದು ಏರಿರಬಹುದು. ಅದು ಹಾಳೆ ಕೂರಿಸಿದ ಮನುಷ್ಯನ ಕೈಗುರುತು. ಭೂತಗನ್ನಡಿಯಲ್ಲಿ ಕ್ರಮಬದ್ಧ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್. ಯುದ್ಧದ ಪೋಸ್ಟರ್ ಆಗಿದ್ದರೆ ಅದು ಸಹಜ; 1930ರ ದಶಕದ ಕಾರ್ಯಾಗಾರದ್ದೆಂದು ಹೇಳಿದ್ದರೆ ಅದು ಮರುಮುದ್ರಣ. ಸರ್ಕಾರಿ ಸಂಬಳದಲ್ಲಿ ತಯಾರಾದ ಆ ಚಿತ್ರಗಳಿಗೆ ಕೃತಿಸ್ವಾಮ್ಯವಿಲ್ಲ. ಯಾರು ಬೇಕಾದರೂ ಅಚ್ಚು ಹಾಕಬಹುದು. ಹಾಗಾಗಿ ಮರುಮುದ್ರಣ ಮೋಸವಲ್ಲ, ಮೂಲವೆಂದು ಮಾರಿದರೆ ಮಾತ್ರ ಮೋಸ.

ಮೂಲಪ್ರತಿಗಳು ಎಷ್ಟು ಉಳಿದಿವೆ? ಆ ಕಾರ್ಯಾಗಾರಗಳಲ್ಲಿ ಸುಮಾರು 35,000 ವಿನ್ಯಾಸಗಳ 20 ಲಕ್ಷದಷ್ಟು ಪ್ರತಿಗಳು ಅಚ್ಚಾದವು ಎಂಬ ಅಂದಾಜಿದೆ. ಉಳಿದಿರುವುದು ಎರಡು ಸಾವಿರದಷ್ಟು. ಅತಿ ದೊಡ್ಡ ಸಂಗ್ರಹ ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿದೆ: 907 ಪೋಸ್ಟರ್‌ಗಳು, ಎಲ್ಲವನ್ನೂ ಅಂತರ್ಜಾಲದಲ್ಲಿ ನೋಡಬಹುದು. ಜಾನ್ ಅಲ್ಲಿದ್ದಾನೆ. ಉಳಿದವು ಮಳೆಗೆ ನೆನೆದವು, ಮೇಲೆ ಬೇರೆ ಪೋಸ್ಟರ್ ಅಂಟಿಸಿಕೊಂಡವು, ಕಸವಾದವು. ಮೃಗಾಲಯಕ್ಕೆ ಬನ್ನಿ ಎಂಬ ಹಾಳೆಯನ್ನು ಯಾರು ಜೋಪಾನ ಮಾಡಿಯಾರು?

ಮನಸ್ಸಿಗೆ ಹೆಚ್ಚು ನಾಟುವುದು ರಾಷ್ಟ್ರೀಯ ಉದ್ಯಾನಗಳ ಸರಣಿಯ ಕಥೆ. 1938ರಿಂದ 1941ರವರೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇದೇ ಜಾಲರಿಯಿಂದ 14 ಪೋಸ್ಟರ್‌ಗಳನ್ನು ಮಾಡಿದರು. ಒಂದೊಂದಕ್ಕೂ ಹೆಚ್ಚೆಂದರೆ ನೂರು ಪ್ರತಿ. ಯುದ್ಧ ಬಂತು, ಕೆಲಸ ನಿಂತಿತು, ಅಂಥದ್ದೊಂದು ಸರಣಿ ಇತ್ತೆಂಬುದೇ ಮರೆತುಹೋಯಿತು. 1970ರ ದಶಕದ ಆರಂಭದಲ್ಲಿ ಗ್ರ್ಯಾಂಡ್ ಟೀಟನ್ ಉದ್ಯಾನದ ಅರಣ್ಯ ರಕ್ಷಕನೊಬ್ಬನಿಗೆ ಹಳೆಯ ಕೊಟ್ಟಿಗೆಯೊಂದನ್ನು ತೆರವು ಮಾಡುವಾಗ ಒಂದು ಹಾಳೆ ಸಿಕ್ಕಿತು. ಬೆಂಕಿಗೆ ಹೋಗಬೇಕಾಗಿದ್ದ ಹಾಳೆ ಅದು. ಅದರ ಜೊತೆಯವು ಎಲ್ಲಿ ಎಂದು ಆತ ವರ್ಷಾನುಗಟ್ಟಲೆ ಹುಡುಕಿದ. ಕೊನೆಗೆ ಹಾರ್ಪರ್ಸ್ ಫೆರ್ರಿಯಲ್ಲಿರುವ ಉದ್ಯಾನ ಇಲಾಖೆಯ ದಾಖಲೆಗಳಲ್ಲಿ ಹದಿಮೂರು ಪೋಸ್ಟರ್‌ಗಳ ಛಾಯಾಚಿತ್ರದ ನೆಗೆಟಿವ್‌ಗಳು ದೊರೆತವು. ಎಲ್ಲವೂ ಕಪ್ಪುಬಿಳುಪು. ಆಕಾರಗಳು ಇದ್ದವು, ಅಕ್ಷರಗಳು ಇದ್ದವು, ಯಾವ ಬೂದು ಮೊದಲು ಯಾವ ಬಣ್ಣವಾಗಿತ್ತು ಎಂಬುದು ಮಾತ್ರ ಇರಲಿಲ್ಲ. ಆ ಬಂಡೆ ಕೆಂಪೋ ಕಂದೋ, ಆ ಆಕಾಶ ಬೆಳಗಿನದೋ ಸಂಜೆಯದೋ ಎಂದು ಒಂದೊಂದು ಚೌಕಟ್ಟಿಗೂ ಕೂತು ಊಹಿಸಿ, ಮತ್ತೆ ಜಾಲರಿ ಬಿಗಿದು, ಬಣ್ಣ ಎಳೆದರು.